ಬೆಣ್ಣೆಯಂತೆ ಜಾರುವ ಡ್ರಾಯರು

ಎತ್ತರ ಸಾಧಾರಣ. ಮರ ಗಟ್ಟಿ. ಕೀಲುಗಳೆಲ್ಲ ಭದ್ರ. ಹೊಳಪು ತುಸು ಕಡಿಮೆ. ಅದು ಮರದ ದೋಷವಲ್ಲ, ಪಾಲಿಷ್ ಹಿಡಿದು ಬಂದವರನ್ನು ಹತ್ತಿರ ಬಿಟ್ಟುಕೊಳ್ಳದ ಸ್ವಭಾವ. ಎಷ್ಟು ಭಾರ ಹೇರಿದರೂ ಕಿರುಗುಟ್ಟುವುದಿಲ್ಲ. ಒಂದೊಮ್ಮೆ ಕಿರುಗುಟ್ಟಿತೋ, ಬೀದಿಯ ಆ ತುದಿಯ ಸೈಕಲ್ ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಾನೆ. ಮನೆಗೆ ಬಂದು ಇಪ್ಪತ್ತೆರಡು ವರ್ಷ. ಒಂದು ಕಾಲೂ ಅಲುಗಿಲ್ಲ.

ಹಳೇ ಪೀಠೋಪಕರಣಗಳ ವ್ಯಾಪಾರಿ ತನ್ನ ಹೆಂಡತಿಗೆ ಕಟ್ಟಿದ ಬೆಲೆ ಇದು. ಇಷ್ಟೆಲ್ಲ ಗುಣಗಳನ್ನು ಒಪ್ಪಿಕೊಂಡ ಮೇಲೆ, ಮಾಲು ಕೊಳ್ಳಲು ಹೋದ ಯಾವ ವ್ಯಾಪಾರಿಯೂ ಮಾಡುವಂತೆ ಅವನೂ ತಲೆಯಾಡಿಸಿ ಒಂದು ಕುಂದು ಹುಡುಕಿದ್ದ: ಕತೆ ಹೇಳಿದರೆ ನಂಬುವುದಿಲ್ಲ.

ಅವನಿಗಿದ್ದ ದೊಡ್ಡ ತೊಂದರೆ ಅದೇ. ಯಾಕೆಂದರೆ ಅವನ ಅಂಗಡಿ ನಿಂತದ್ದೇ ಕತೆಯ ಮೇಲೆ. ಬೀದಿಗೆ ಬಾಯಿ ತೆರೆದ ಉದ್ದನೆಯ ಮಳಿಗೆ, ಅದರ ಹಿಂಬದಿಯ ಮೆಟ್ಟಿಲೇರಿದರೆ ಮನೆ. ಮಳಿಗೆಯ ತುಂಬ ಯಾರ್ಯಾರೋ ಕೂತೆದ್ದ ಕುರ್ಚಿಗಳು, ಯಾರ್ಯಾರೋ ಹೊರಳಾಡಿದ ಮಂಚಗಳು. ಒಂದೊಂದಕ್ಕೂ ಅವನು ಒಂದೊಂದು ವಂಶಾವಳಿ ಹೊಸೆದಿದ್ದ. ತೋಳು ಬಿರುಕು ಬಿಟ್ಟ ಕುರ್ಚಿಯಲ್ಲಿ ಹಡಗಿನ ಕಪ್ತಾನ ಕೂರುತ್ತಿದ್ದ. ಕನ್ನಡಿ ಮಂಕಾದ ಮೇಜಿನ ಮುಂದೆ ನಾಟಕದ ನಟಿ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ನಾಲ್ಕು ಕಾಲಿನಲ್ಲಿ ಒಂದು ಕುಂಟಿದರೆ ಅವನ ಕತೆ ಐದನೆಯ ಕಾಲಾಗಿ ಆತುಕೊಳ್ಳುತ್ತಿತ್ತು. "ಒಂದೇ ಮಾತು ಹೇಳ್ತೀನಿ ಕೇಳಿ" ಎಂದು ಅವನು ಶುರುಮಾಡಿದನೆಂದರೆ ಗಿರಾಕಿ ಅರ್ಧ ಗಂಟೆ ಕದಲುವಂತಿರಲಿಲ್ಲ.

ಒಂದು ಸೋಮವಾರ, ನಿವೃತ್ತರಾಗಿ ಊರು ಬಿಟ್ಟ ಗಣಿತದ ಮೇಷ್ಟ್ರೊಬ್ಬರ ಬರೆಯುವ ಮೇಜು ಅಂಗಡಿಗೆ ಬಂತು. ಅದರ ಡ್ರಾಯರಿನಲ್ಲಿ ಒಂದು ಪುಸ್ತಕ. ಕತೆ ಬರೆಯುವುದು ಹೇಗೆ, ಯಾವ ತಪ್ಪು ಮಾಡಬಾರದು, ಓದುಗನನ್ನು ಹಿಡಿದಿಡುವ ಉಪಾಯಗಳೇನು ಎಂದು ಕಲಿಸುವ ಪುಸ್ತಕ. ವ್ಯಾಪಾರಿ ನಿಂತಲ್ಲೇ ಹತ್ತು ಪುಟ ಓದಿದ. ಎದೆ ಉಬ್ಬಿತು. ಇದರಲ್ಲಿರುವುದನ್ನೆಲ್ಲ ತಾನು ಇಪ್ಪತ್ತು ವರ್ಷದಿಂದ ಮಾಡುತ್ತಲೇ ಇದ್ದೇನಲ್ಲ! ಊರಿನ ಪತ್ರಿಕೆಯ ವಾರದ ಪುರವಣಿ ಕತೆಗಳಿಗೆ ಕರೆ ಕೊಟ್ಟು ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಊಟಕ್ಕೆ ಕೂತವನೇ ಘೋಷಿಸಿದ.

"ಇನ್ನು ಮೂರೇ ವಾರ. ಪೇಪರಲ್ಲಿ ನನ್ನ ಕತೆ ಬರುತ್ತೆ, ನೋಡ್ತಿರು."

"ಯಾವುದರ ಜೊತೆ?" ಎಂದಳು ಹೆಂಡತಿ. "ಕುರ್ಚಿ ಜೊತೆನಾ, ಮಂಚದ ಜೊತೆನಾ?"

"ಬರೀ ಕತೆ. ಸಾಮಾನು ಇಲ್ದೆ."

"ಸಾಮಾನು ಇಲ್ದೆ ನಿಮ್ಮ ಕತೆ ಯಾರು ತಗೋತಾರೆ?"

ಅವನು ಅನ್ನ ಕಲಸುವುದರಲ್ಲಿ ಮಗ್ನನಾದ. ಈ ಮಾತಿನ ಹಿಂದೆ ಒಂದು ಬೀರು ನಿಂತಿದೆ ಎಂಬುದು ಅವನಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ ಅವನು ತನ್ನ ಹೆಂಡತಿಯ ಅಕ್ಕನಿಗೆ ಒಂದು ಮರದ ಬೀರು ಕೊಟ್ಟಿದ್ದ. ಬೀರು ಒಳ್ಳೆಯದೇ. ಆದರೆ ಕೈ ಸುಮ್ಮನಿದ್ದರೂ ನಾಲಿಗೆ ಸುಮ್ಮನಿರಬೇಕಲ್ಲ. "ಅತ್ತಿಗೆ, ಇದು ದೊಡ್ಡ ನ್ಯಾಯಾಧೀಶರ ಮನೇದು. ಅವರ ಕರಿ ಕೋಟು ಇದರಲ್ಲೇ ತೂಗ್ತಿತ್ತು" ಎಂದುಬಿಟ್ಟ. ಅತ್ತಿಗೆ ಹೆಮ್ಮೆಯಿಂದ ಬೀರನ್ನು ನಡುಮನೆಯಲ್ಲೇ ನಿಲ್ಲಿಸಿ, ಬಂದವರಿಗೆಲ್ಲ ನ್ಯಾಯಾಧೀಶರನ್ನು ಪರಿಚಯಿಸತೊಡಗಿದಳು. ಒಂದು ದಿನ ಹನ್ನೆರಡು ಜನ ಊಟಕ್ಕೆ ಕೂತಿದ್ದಾಗ ಅವರಲ್ಲೊಬ್ಬಳು, ಹಲ್ಲಿನ ಡಾಕ್ಟರು, ಎದ್ದು ಹೋಗಿ ಬೀರಿನ ಬಾಗಿಲು ತೆಗೆದು, "ಇದು ನಮ್ಮನೇದು. ನೋಡಿ, ಒಳಗೆ ನನ್ನ ಮಗನ ಎತ್ತರ ಗುರುತು ಮಾಡಿದ ಗೆರೆಗಳು" ಎಂದಳು. ಗೆರೆಗಳಿದ್ದವು. ವರ್ಷಕ್ಕೊಂದರಂತೆ ಒಂಬತ್ತು. ಹನ್ನೆರಡು ಜನ ನಕ್ಕರು.

ಅತ್ತಿಗೆ ಅಂದೇ ತಂಗಿಗೆ ಫೋನ್ ಮಾಡಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿನಗೂ ಗೊತ್ತಿತ್ತಾ?" ಬೀರು ಕಳಿಸುವ ಮುಂಚೆ ಒಳಗೆಲ್ಲ ಒರೆಸಿದವಳು ತಂಗಿಯೇ. ಗೆರೆಗಳನ್ನು ಅವಳು ನೋಡಿದ್ದಳು. ಹೌದು ಎಂದರೆ ಗಂಡನ ಮಾನ, ಇಲ್ಲ ಎಂದರೆ ಸುಳ್ಳು. ಸುಮ್ಮನಿದ್ದಳು. ಅಂದಿನಿಂದ, ಎರಡೂವರೆ ವರ್ಷವಾಯಿತು, ಅಕ್ಕತಂಗಿಯರ ನಡುವೆ ಮಾತಿಲ್ಲ. ಮುಂಚೆ ಭಾನುವಾರ ಸಂಜೆ ನಾಲ್ಕಕ್ಕೆ ಇಬ್ಬರೂ ಫೋನ್ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಇಡುತ್ತಿದ್ದರು. ಈಗ ಆ ಹೊತ್ತಿಗೆ ಹೆಂಡತಿ ಕಿಟಕಿಯ ಪಕ್ಕ ಕೂತು, ಬೆಳಗ್ಗೆಯೇ ಮಡಿಸಿಟ್ಟ ಬಟ್ಟೆಗಳನ್ನು ಬಿಡಿಸಿ ಮತ್ತೆ ಮಡಿಸುತ್ತಾಳೆ. ವ್ಯಾಪಾರಿ ಅದನ್ನು ನೋಡಿಯೂ ನೋಡದವನಂತೆ ಅಂಗಡಿಗೆ ಇಳಿದು, ಉಜ್ಜಿದ ಕುರ್ಚಿಯನ್ನೇ ಮತ್ತೆ ಉಜ್ಜುತ್ತಾನೆ.

ಇರಲಿ, ಕತೆಗೆ ಬರೋಣ.

ಪುಸ್ತಕದ ಮೊದಲ ಸೂತ್ರ: ಓದುಗನನ್ನು ಮೊದಲ ಸಾಲಿನಲ್ಲೇ ಹಿಡಿ. ವ್ಯಾಪಾರಿ ಸೂರ್ಯೋದಯದಿಂದ ಹಿಡಿದ. ಮಂಗಳವಾರ, ಬುಧವಾರ ಎರಡು ದಿನ ಬರೆದು ತಂದು ಕೊಟ್ಟ. ಹೆಂಡತಿ ಪಾತ್ರೆ ತೊಳೆಯುವುದನ್ನು ಬಿಟ್ಟು, ಒದ್ದೆ ಕೈಯಲ್ಲಿ ಹಾಳೆಗಳ ಅಂಚನ್ನಷ್ಟೇ ಹಿಡಿದು, ನಿಂತೇ ಓದಿದಳು.

"ನಾಲ್ಕನೇ ಪುಟ ಮುಗೀತು. ಸೂರ್ಯ ಇನ್ನೂ ಪೂರ್ತಿ ಮೇಲೆ ಬಂದಿಲ್ಲ."

"ಅದು ವಾತಾವರಣ ಕಣೇ. ಕಟ್ಟಬೇಕು."

"ಕಿಟಕಿ ಹತ್ರ ಒಬ್ಬಳು ನಿಂತಿದಾಳಲ್ಲ, ಅವಳಿಗೆ ಏನ್ ಬೇಕಂತೆ?"

"ಏನ್ ಬೇಕು ಅಂದ್ರೆ? ಸುಮ್ನೆ ನಿಂತಿದಾಳೆ. ನೋಡ್ತಿದಾಳೆ."

"ಅಂಗಡಿಗೆ ಬಂದೋರನ್ನ ನೀವು ಮೊದಲು ಕೇಳೋದು ಅದೇ ಅಲ್ವೇನ್ರೀ, ಏನ್ ಬೇಕು ಅಂತ? ಏನೂ ಬೇಡದೆ ಸುಮ್ನೆ ನೋಡ್ತಾ ನಿಂತಿದ್ರೆ ಮೆಲ್ಲಗೆ ಆಚೆ ಸಾಗಹಾಕ್ತೀರಿ. ನಾನು ಮಾತ್ರ ನಾಲ್ಕು ಪುಟ ಅವಳ ಜೊತೆ ನಿಂತಿರಬೇಕಾ?"

"ಹಿನ್ನೆಲೆ ಬೇಡ್ವಾ?"

"ಕುರ್ಚಿ ಕೇಳಿದೋರಿಗೆ ಮೊದಲು ಕಾಡು ತೋರಿಸ್ತೀರಾ?"

ಪೆಟ್ಟು ತಿಂದು ಕೂರುವ ಆಸಾಮಿಯಲ್ಲ ವ್ಯಾಪಾರಿ. ಕಾಡು ಬೇಡವೇ? ಸರಿ, ಜನರನ್ನು ತರುತ್ತೇನೆ ಎಂದ. ಮುಂದಿನ ವಾರದ ಕತೆಯಲ್ಲಿ ಹದಿನಾಲ್ಕು ಜನ, ಎರಡು ಅಪಘಾತ, ಒಂದು ಬೆಂಕಿ, ಬಾಲ್ಯದಲ್ಲಿ ಕಳೆದುಹೋದ ಅವಳಿ ಸೋದರ, ಒಬ್ಬ ಕಳ್ಳ, ಒಬ್ಬ ಡಾಕ್ಟರು. ಕೊನೆಯಲ್ಲಿ ನಾಯಕ ಬೆವರಿ ಎದ್ದು ಕೂರುತ್ತಾನೆ, ಎಲ್ಲ ಕನಸು. ಈ ಸಲ ಹೆಂಡತಿ ಕೂತು ಓದಿದಳು. ವ್ಯಾಪಾರಿ ಅದನ್ನೇ ಶುಭಸೂಚನೆ ಎಂದುಕೊಂಡ.

"ಇಷ್ಟು ಜನಕ್ಕೆ ಕೂರೋಕೆ ಕುರ್ಚಿ ಎಲ್ಲಿಂದ ತರ್ತೀರಿ?" ಎಂದು ಅವಳು ತೊಡಗಿದಳು. "ಮೂರನೇ ಪುಟದಲ್ಲಿ ಬಂದ ಚಿಕ್ಕಪ್ಪ ಏನಾದ? ಬೆಂಕೀಲಿ ಹೋದ್ನಾ?"

"ಅವನು... ಬಂದು ಹೋದ."

"ಬಂದು ಹೋಗೋಕೆ ಕತೆ ಏನು ಬಸ್ ಸ್ಟ್ಯಾಂಡಾ? ಇನ್ನೊಂದು. ಎಲ್ಲರೂ ನಿಮ್ಮ ಹಾಗೇ ಮಾತಾಡ್ತಾರೆ. ಕಳ್ಳ ನಿಮ್ಮ ಹಾಗೆ, ಡಾಕ್ಟರು ನಿಮ್ಮ ಹಾಗೆ. 'ಒಂದೇ ಮಾತು ಹೇಳ್ತೀನಿ ಕೇಳಿ' ಅಂತ ತೊಟ್ಟಿಲಲ್ಲಿರೋ ಮಗು ಹೇಳುತ್ತೇನ್ರೀ?"

"ಬುದ್ಧಿವಂತ ಮಗು ಅದು."

"ಮತ್ತೆ ಈ ಕನಸು. ಕಂಚಿನ ಹಿಡಿ ಅಂತ ಹೇಳಿ ಬಣ್ಣ ಬಳಿದ ತಗಡು ಕೊಟ್ಟ ಹಾಗಿದೆ. ಇಲ್ಲೀವರೆಗೆ ಓದಿದೋರು ವಾಪಸ್ ತಂದು ನಿಮ್ಮ ಮುಖದ ಮೇಲೆ ಎಸೀತಾರೆ."

ಅವಳು ಹಾಳೆಗಳನ್ನು ಮಡಿಸಿ, ಹಿಂಬದಿ ಖಾಲಿ ಇದೆ ಎಂದು ದಿನಸಿ ಚೀಟಿಗೆ ಎತ್ತಿಟ್ಟಳು. ಸಾಹಿತ್ಯಕ್ಕೆ ಇದಕ್ಕಿಂತ ಕಟುವಾದ ವಿಮರ್ಶೆ ಯಾವ ಭಾಷೆಯಲ್ಲೂ ಬಂದಿರಲಾರದು.

ಕತೆ ಕಳಿಸಲು ಇನ್ನುಳಿದದ್ದು ಒಂದು ವಾರ. ಬೀದಿಯವರಿಗೆಲ್ಲ ಹೇಳಿಯಾಗಿದೆ. ಸೈಕಲ್ ಅಂಗಡಿಯವನು ದಿನಾ "ಬಂತಾ ಕತೆ?" ಎಂದು ಕೇಳುತ್ತಿದ್ದಾನೆ. ವ್ಯಾಪಾರಿ ಪುಸ್ತಕದ ಕೊನೆಯ ಅಧ್ಯಾಯ ತೆಗೆದ. ಅಲ್ಲಿತ್ತು ಸಂಜೀವಿನಿ: ಓದುಗನ ಉಸಿರು ಹಿಡಿದಿಡು. ಬಾಗಿಲು ತೆರೆಯುವ ಹೊತ್ತಿಗೆ ನಿಲ್ಲಿಸು. ಒಳಗೇನಿದೆ ಎಂದು ಹೇಳಬೇಡ. ಹೇಳದಿರುವುದೇ ಹೇಳುವ ಕಲೆಯ ಕಿರೀಟ.

ಈ ಕಿರೀಟವನ್ನು ಯಾರ ತಲೆಯ ಮೇಲಿಟ್ಟು ನೋಡುವುದು ಎಂದು ಅವನು ಯೋಚಿಸುತ್ತಿರುವಾಗಲೇ, ಗುರುವಾರ ಬೆಳಗ್ಗೆ ಹತ್ತೂಕಾಲಕ್ಕೆ, ಮೇಲಿಂದ 'ದಢ್' ಎಂಬ ಶಬ್ದ ಕೇಳಿಸಿತು.

ಓಡಿದ. ಹೆಂಡತಿ ಅಟ್ಟದಿಂದ ಪೆಟ್ಟಿಗೆ ಇಳಿಸಲು ಸ್ಟೂಲು ಹತ್ತಿದ್ದಳು. ಗಿರಾಕಿಗೆ ಕೊಡಲು ಮನಸ್ಸಾಗದೆ ವ್ಯಾಪಾರಿ ಮನೆಬಳಕೆಗೆಂದು ತಂದಿಟ್ಟ ಸ್ಟೂಲು. ಅದರ ಕಾಲೊಂದು ಕಳಚಿ, ಅವಳು ಬಿಸಿಲಿಗೆ ಹಾಕಲು ಗುಡ್ಡೆ ಮಾಡಿದ್ದ ಹಾಸಿಗೆಗಳ ಮೇಲೆ ಪೆಟ್ಟಿಗೆಯ ಸಮೇತ ಕೂತಿದ್ದಳು. ಒಂದು ತರಚೂ ಇಲ್ಲ.

"ಏನ್ ಶಬ್ದ ಅದು" ಎಂದು ವ್ಯಾಪಾರಿ ಬೆರಗಿನಿಂದ ಜೇಬಿನ ನೋಟ್‌ಬುಕ್ ತೆಗೆದ. "ಮೊದಲು ಕಾಲು ಮುರೀತಾ, ಪೆಟ್ಟಿಗೆ ಬಿತ್ತಾ?"

"ಏಳೋಕೆ ಕೈ ಕೊಡ್ತೀರಾ, ಬರ್ಕೊಳ್ತೀರಾ?"

ಅವನು ಕೈ ಕೊಟ್ಟ. ಆದರೆ ಮನಸ್ಸು ಆಗಲೇ ಮೆಟ್ಟಿಲಿಳಿದು ಫೋನಿನ ಹತ್ತಿರ ಹೋಗಿತ್ತು. ಯಾರಿಗೆ ಹೇಳುವುದು? ಷಡ್ಡಕನಿಗೆ. ಅತ್ತಿಗೆಯ ಗಂಡ, ಪಕ್ಕದ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಹೆಂಗಸರು ಮಾತು ಬಿಟ್ಟರೂ ಗಂಡಸರಿಬ್ಬರು ಕದ್ದುಮುಚ್ಚಿ ಟೈರು, ತೇಗ ಎಂದು ತಿಂಗಳಿಗೊಮ್ಮೆ ಮಾತಾಡುತ್ತಿದ್ದರು. ಕಲಿಯುವವರ ಪಕ್ಕ ಕೂತು ಕೂತು ಷಡ್ಡಕನಿಗೆ ನಡುವೆ ಬಾಯಿ ಹಾಕದ ಅಭ್ಯಾಸವಾಗಿತ್ತು. ಅವನಿಗಿಂತ ಒಳ್ಳೆಯ ಕೇಳುಗ ಸಿಗಲಾರ.

"ಷಡ್ಡಕರೇ," ಎಂದು ವ್ಯಾಪಾರಿ ದನಿ ತಗ್ಗಿಸಿದ, "ಬೆಳಗ್ಗೆ ಹತ್ತೂಕಾಲು. ಮನೇಲಿ ಯಾರೂ ಇಲ್ಲ. ನಿಮ್ಮ ನಾದಿನಿ ಸ್ಟೂಲು ಹತ್ತಿದಳು. ಮೇಲೆ ಕೈ ಚಾಚಿದಳು. ಆಗ ಕೇಳಿಸ್ತು ಒಂದು ಶಬ್ದ. ನಾನು ಓಡಿದೆ. ಬಾಗಿಲು ತಳ್ಳಿದೆ..."

"ಆಮೇಲೆ?"

ವ್ಯಾಪಾರಿ ಫೋನ್ ಇಟ್ಟ.

ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ, "ಹೇಗಿತ್ತು? ಉಸಿರು ನಿಂತಿತಾ?" ಎಂದು ಕೇಳುವುದು ಅವನ ಲೆಕ್ಕಾಚಾರ. ಆದರೆ ಎರಡನೆಯ ನಿಮಿಷಕ್ಕೇ ಕನ್ನಡಕ ಹಾಕಿದ ಹೆಂಗಸೊಬ್ಬರು ಕೈಯಲ್ಲಿ ಅಳತೆ ಟೇಪು ಹಿಡಿದು ಅಂಗಡಿಯೊಳಗೆ ಕಾಲಿಟ್ಟರು. ಬಂದವರೇ ಒಂದು ಕಪಾಟನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ವ್ಯಾಪಾರಿಯ ಕಿವಿ ನಿಮಿರಿತು. ತಟ್ಟಿ ನೋಡುವವರು ಕೊಳ್ಳಲು ಬಂದವರು. ಗಿರಾಕಿಯ ಮುಂದೆ ಫೋನ್ ಕೈಯಲ್ಲಿರಬಾರದು ಎಂಬುದು ಅವನು ಹಾಕಿಕೊಂಡ ನೇಮ. ತನ್ನ ಫೋನನ್ನೂ, ಮಹಡಿಯ ಪ್ಲಗ್ಗು ಕೆಟ್ಟಿದ್ದರಿಂದ ಅಂಗಡಿಯಲ್ಲಿ ಚಾರ್ಜಿಗಿಟ್ಟಿದ್ದ ಹೆಂಡತಿಯ ಫೋನನ್ನೂ ಒಟ್ಟಿಗೆ ಬಾಚಿ, ಎದುರಿಗಿದ್ದ ಮೇಷ್ಟ್ರ ಮೇಜಿನ ತೆರೆದಿದ್ದ ಡ್ರಾಯರಿಗೆ ಹಾಕಿ ದೂಡಿದ. ದೂಡಿದ ಮೇಲೆ ನೆನಪಾಯಿತು: ಆ ಡ್ರಾಯರು ಮುಚ್ಚುತ್ತದೆ, ತೆರೆಯುವುದಿಲ್ಲ. ಅದನ್ನು ತೆರೆಯಲು ಹೆಂಡತಿಯೇ ಬರಬೇಕು.

ಕನ್ನಡಕದವರು ಸೀದಾ ಬಂದು ನಿಂತದ್ದು ಅದೇ ಮೇಜಿನ ಮುಂದೆ.

"ಇದು ಯಾರ ಮೇಜು?"

"ಒಂದೇ ಮಾತು ಹೇಳ್ತೀನಿ ಕೇಳಿ, ಮೇಡಂ. ಈ ಮೇಜಿನ ಮೇಲೆ ನಲವತ್ತು ಕಾದಂಬರಿ ಹುಟ್ಟಿವೆ."

"ಯಾರವು?"

"ಹೆಸರು ಹೇಳೋ ಹಾಗಿಲ್ಲ. ಮನೆತನದವರು ಬೇಡ ಅಂದಿದಾರೆ."

ಆ ಕ್ಷಣ ಮೇಜಿನ ಹೊಟ್ಟೆಯಿಂದ 'ಗ್ರ್‌ರ್' ಎಂಬ ನಡುಕ ಬಂತು. ಹಿಂದೆಯೇ ಟಿಂಗ್ ಟಿಂಗ್.

"ಏನದು?"

"ಹಳೇ ಮರ, ಮೇಡಂ. ಒಳಗೆ ಉಸಿರಾಡ್ತಾ ಇರುತ್ತೆ."

"ಟಿಂಗ್ ಟಿಂಗ್ ಅಂತ?"

"ಸಾಹಿತ್ಯದ ಮರ ಅಲ್ವಾ."

ಕನ್ನಡಕದವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಡ್ರಾಯರು ತೆಗೆದು ತೋರಿಸಿ."

"ಡ್ರಾಯರಾ? ಬೆಣ್ಣೆ ಹಾಗೆ ಜಾರುತ್ತೆ."

"ತೆಗೀರಿ ಮತ್ತೆ."

"ಜಾರೋದು ಗೊತ್ತಾಯ್ತಲ್ಲ. ಮೊದಲು ಕಾಲು ನೋಡಿ. ಕಾಲು ನೋಡದೆ ಡ್ರಾಯರು ನೋಡೋರು ಮುಂದೆ ಪಶ್ಚಾತ್ತಾಪ ಪಡ್ತಾರೆ."

ಹೀಗೆ ಅವನು ಕಾಲು ತೋರಿಸಿದ. ಮೇಲ್ಹಲಗೆ ತೋರಿಸಿದ. ಮೇಜನ್ನು ಗೋಡೆಯಿಂದ ಈಚೆ ಎಳೆದು ಬೆನ್ನು ತೋರಿಸಿದ. ಅರ್ಧ ಗಂಟೆ ಕಳೆಯಿತು. ಅಷ್ಟರಲ್ಲಿ ಮರ ಒಂದು ದನಿಯಲ್ಲಿ ಉಸಿರಾಡಿ ನಿಲ್ಲಿಸಿದರೆ ಇನ್ನೊಂದು ದನಿಯಲ್ಲಿ ಶುರುವಾಗುತ್ತಿತ್ತು. ಒಂದು ಅವನ ಫೋನಿನ ಟಿಂಗ್ ಟಿಂಗ್. ಇನ್ನೊಂದು ಹೆಂಡತಿಯದು, ಹಕ್ಕಿ ಕೂಗಿದ ಹಾಗೆ. ಆ ಹಕ್ಕಿಯ ಕೂಗನ್ನು ಅವನು ಎಲ್ಲೋ ಕೇಳಿದ್ದ. ಎಲ್ಲಿ ಎಂದು ಹೊಳೆಯಲಿಲ್ಲ.

ಅಷ್ಟು ಹೊತ್ತಿಗೆ ಬೀದಿಯಲ್ಲಿ ಗೊರಗೊರ ಸದ್ದು. ತಲೆಯ ಮೇಲೆ ಬೋರ್ಡು ಹೊತ್ತ ಡ್ರೈವಿಂಗ್ ಸ್ಕೂಲಿನ ಕಾರು, ಕಲಿಯುವವರ ಕಾರಿಗೆ ಮಾತ್ರ ಬರುವ ಕುಪ್ಪಳಿಕೆಯಲ್ಲಿ ಬಂದು, ಸೈಕಲ್ ಅಂಗಡಿಯ ಎರಡು ಟೈರು ಉರುಳಿಸಿ ನಿಂತಿತು. ಸ್ಟೀರಿಂಗ್ ಹಿಡಿದು ಬೆವರುತ್ತಿದ್ದವರು ನಿವೃತ್ತ ಪೋಸ್ಟ್ ಮಾಸ್ಟರರು, ಐದನೆಯ ದಿನದ ವಿದ್ಯಾರ್ಥಿ. ಕಾರು ನಿಲ್ಲುವ ಮುಂಚೆಯೇ ಹಿಂಬಾಗಿಲು ತೆರೆದು ಇಳಿದವಳು ಅತ್ತಿಗೆ. ಒಂದು ಕಾಲಿನಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಗಂಡನದು.

"ಎಲ್ಲಿ ಅವಳು?"

ವ್ಯಾಪಾರಿ ಬಾಯಿ ತೆರೆದ. ಅತ್ತಿಗೆ ಅವನನ್ನು ಒಂದು ಹ್ಯಾಟ್ ಸ್ಟ್ಯಾಂಡಿನ ಹಾಗೆ ಪಕ್ಕಕ್ಕೆ ಸರಿಸಿ, ಹಿಂಬದಿಯ ಮೆಟ್ಟಿಲು ಹತ್ತಿದಳು.

ಹಿಂದೆಯೇ ಷಡ್ಡಕ ಬಂದ. ಗಾಬರಿಯಲ್ಲಿ ಅವನಿಗೆ ಗೇರು ಯಾವುದು, ಬ್ರೇಕು ಯಾವುದು ಎಂದೇ ಮರೆತುಹೋಗಿತ್ತು. ಅದಕ್ಕೇ ಸ್ಟೀರಿಂಗು ಪೋಸ್ಟ್ ಮಾಸ್ಟರರ ಪಾಲಾಗಿತ್ತು. "ಶಬ್ದ ಕೇಳಿಸ್ತು ಅಂದ್ರಿ. ಬಾಗಿಲು ತಳ್ಳಿದೆ ಅಂದ್ರಿ. ಆಮೇಲೆ ಏನಾಯ್ತ್ರೀ?"

ವ್ಯಾಪಾರಿಯೊಳಗಿನ ಕತೆಗಾರ ಆ ಸ್ಥಿತಿಯಲ್ಲೂ ಒಂದು ಪ್ರಶ್ನೆ ಕೇಳದೆ ಬಿಡಲಿಲ್ಲ. "ಉಸಿರು ಹಿಡಿದಿತ್ತಾ?"

"ಹನ್ನೊಂದು ಕಿಲೋಮೀಟರ್ ಹಿಡಿದಿದೀನಿ. ಹೇಳಿ ಮೊದಲು."

ಆಗ ಮೇಲಿಂದ ಅಳು ಕೇಳಿಸಿತು. ಒಂದಲ್ಲ, ಎರಡು ದನಿ. ಸಣ್ಣಪುಟ್ಟ ಅಳುವಲ್ಲ, ಮನೆಯಲ್ಲಿ ಏನೋ ಆಗಿಹೋದಾಗ ಮಾತ್ರ ಹೊರಡುವಂಥದ್ದು. ಕನ್ನಡಕದವರ ಟೇಪು ಸರ್ರನೆ ಸುತ್ತಿಕೊಂಡಿತು. ಹಾಸಿಗೆಯ ಮೇಲೆ ಬಿದ್ದವಳಿಗೆ ಏನೂ ಆಗಿಲ್ಲ ಎಂದು ವ್ಯಾಪಾರಿ ತಾನೇ ನೋಡಿದ್ದ. ಸರಿಯಾಗಿ ನೋಡಿದ್ದನೇ? ನೋಟ್‌ಬುಕ್ ಹುಡುಕುತ್ತಿದ್ದನಲ್ಲ. ಒಳಗೆಲ್ಲಾದರೂ ಪೆಟ್ಟಾಗಿದ್ದರೆ? ಇಷ್ಟು ಹೊತ್ತು ಅವಳು ಮೇಲೆ ಒಬ್ಬಳೇ ಇದ್ದಳು; ಇವನು ಕೆಳಗೆ ನಲವತ್ತು ಕಾದಂಬರಿಗಳ ಮೇಜಿನ ಬೆನ್ನು ತೋರಿಸುತ್ತಿದ್ದ. ತಾನೇ ಹೆಣೆದ ಬಾಗಿಲು, ತಾನೇ ಹೇಳದೆ ಬಿಟ್ಟ ಒಳಗಿನದು. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಾಗಿಲು ತಳ್ಳಿದ.

ಹಾಸಿಗೆ ಗುಡ್ಡೆಯ ಮೇಲೆ ಅಕ್ಕತಂಗಿಯರು ಒಬ್ಬರನ್ನೊಬ್ಬರು ತಬ್ಬಿ ಕೂತಿದ್ದರು.

"ಏನಾಯ್ತಕ್ಕಾ, ಭಾವ ಚೆನ್ನಾಗಿದಾರಾ?" ಎಂದು ತಂಗಿ ಬಿಕ್ಕುತ್ತಿದ್ದಳು. "ಚಪ್ಪಲೀನೂ ನೋಡ್ದೆ ಬಂದಿದೀಯಲ್ಲ, ಏನಾಯ್ತು ಹೇಳು."

"ನನಗೇನಾಗಿದೆ? ನಿನಗೇನಾಯ್ತೇ?"

"ನನಗೇನೂ ಆಗಿಲ್ವಲ್ಲ."

"ಮತ್ತೆ ಯಾಕೆ ಅಳ್ತಿದೀಯ?"

"ನೀನು ಅಳ್ತಿದೀಯಲ್ಲ, ಅದಕ್ಕೆ."

ಇಬ್ಬರೂ ಅಳು ನಿಲ್ಲಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಒಂದೇ ಕಾರ್ಖಾನೆಯಲ್ಲಿ ತಯಾರಾದ ಜೋಡಿ ಕುರ್ಚಿಗಳ ಹಾಗೆ, ಒಟ್ಟಿಗೆ ಬಾಗಿಲ ಕಡೆ ತಿರುಗಿದರು.

ವ್ಯಾಪಾರಿ ಮೆಲ್ಲಗೆ ಒಂದು ಹೆಜ್ಜೆ ಹಿಂದಿಟ್ಟ.

"ಏನ್ ಹೇಳಿದ್ರಿ ಭಾವಂಗೆ?" ಎಂದಳು ಹೆಂಡತಿ.

"ಕತೆ," ಎಂದ. "ಅರ್ಧ."

ಅವನನ್ನು ಮುಂದೆ ಬಿಟ್ಟುಕೊಂಡು ಇಬ್ಬರೂ ಮೆಟ್ಟಿಲಿಳಿದು ಬರುವಾಗ, ಬೆನ್ನ ಹಿಂದೆ ಆಡಿದ ಮಾತು ಅವನಿಗೆ ಕೇಳಿಸಿತು. "ಅಕ್ಕಾ, ಬೀರಿನ ವಿಷಯ ನನಗೆ ಗೊತ್ತಿತ್ತು." "ಗೊತ್ತಿತ್ತು ಅಂತ ನನಗೂ ಗೊತ್ತಿತ್ತು ಕಣೇ. ನೀನಾಗಿ ಹೇಳ್ಲಿ ಅಂತ ಕಾಯ್ತಿದ್ದೆ." ಅಕ್ಕ ಇನ್ನೊಂದು ಮೆಟ್ಟಿಲು ಇಳಿದು ಮತ್ತೆ ಅಂದಳು. "ಬೀರು ಚೆನ್ನಾಗೇ ಇದೆ, ಬಿಡು. ಜಡ್ಜ್ ಇಲ್ದಿದ್ರೂ ಬಾಗಿಲು ಗಟ್ಟಿ."

ಕೆಳಗೆ ಷಡ್ಡಕ ನಾದಿನಿಯನ್ನು ಕಂಡು ಹನ್ನೊಂದು ಕಿಲೋಮೀಟರಿನ ಉಸಿರು ಬಿಟ್ಟ. ಕನ್ನಡಕದವರು ಇನ್ನೂ ಮೇಜಿನ ಪಕ್ಕದಲ್ಲೇ ನಿಂತಿದ್ದರು. ಬಾಗಿಲು ತಳ್ಳಿದಲ್ಲಿಗೆ ಕತೆ ನಿಂತರೆ ಅವರಾದರೂ ಹೇಗೆ ಹೋದಾರು? ಮೇಜು ಮತ್ತೊಮ್ಮೆ ಗ್ರ್‌ರ್ ಎಂದಿತು. ಗಿರಾಕಿ ಇರಬೇಕು, ಪಾಲಿಸಿ ಮಾರುವವರಿರಬೇಕು, ಯಾರೋ.

"ನನ್ನ ಫೋನ್ ಇದರಲ್ಲಿ ಹಾಕಿದ್ರಾ?" ಎಂದಳು ಹೆಂಡತಿ. ಬಂದು, ಡ್ರಾಯರಿನ ಎಡಬದಿಯನ್ನು ತುಸು ಎತ್ತಿ, ಮಂಡಿಯಿಂದ ಕೆಳಗೊಂದು ಗುದ್ದಿ ಎಳೆದಳು. ತೆರೆಯಿತು. ಒಳಗೆ ಎರಡು ಫೋನು, ಮೇಷ್ಟ್ರ ಪುಸ್ತಕ, ನಾಲ್ಕು ಪುಟದ ಸೂರ್ಯೋದಯ.

ಅವಳು ತನ್ನ ಫೋನನ್ನು ಕೈಗೆತ್ತಿಕೊಂಡು ನೋಡಿದಳು. ಎತ್ತದೆ ಹೋದ ಕರೆಗಳು: 'ಅಕ್ಕ', ಹದಿನೇಳು ಸಲ. ಬಹಳ ಹೊತ್ತು ನೋಡಿದಳು. ಆಗ ವ್ಯಾಪಾರಿಗೆ ನೆನಪಾಯಿತು, ಆ ಹಕ್ಕಿಯ ಕೂಗನ್ನು ತಾನು ಎಲ್ಲಿ ಕೇಳಿದ್ದು ಎಂದು. ಅವಳು ಅದನ್ನು ಅಕ್ಕನೊಬ್ಬಳ ಹೆಸರಿಗೇ ಹಾಕಿಟ್ಟಿದ್ದಳು. ಎರಡೂವರೆ ವರ್ಷ ಅದು ಮನೆಯಲ್ಲಿ ಕೂಗಿರಲಿಲ್ಲ. ಕೂಗಿದ ದಿನ ಇವನು ಅದಕ್ಕೆ ಸಾಹಿತ್ಯದ ಮರ ಎಂದಿದ್ದ.

"ಈ ಮೇಜಿನ ಮೇಲೆ ನಲವತ್ತು ಕಾದಂಬರಿ ಬರೆದಿದಾರಂತೆ, ಹೌದಾ?" ಕನ್ನಡಕದವರು ಹೆಂಡತಿಯನ್ನು ಕೇಳಿದರು.

ವ್ಯಾಪಾರಿ ಕಣ್ಣಲ್ಲೇ ಬೇಡಿಕೊಂಡ. ಹೆಂಡತಿ ಅವನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಹಿಂದೊಮ್ಮೆ ಸುಮ್ಮನಿದ್ದು ಏನಾಯಿತೆಂದು ಅವಳಿಗೆ ಗೊತ್ತಿತ್ತು.

"ಇದರ ಮೇಲೆ ಯಾರೂ ಏನೂ ಬರೆದಿಲ್ಲಮ್ಮ. ಗಣಿತದ ಮೇಷ್ಟ್ರೊಬ್ಬರು ರಿಟೈರಾದ ಮೇಲೆ ಕತೆ ಬರೀಬೇಕು ಅಂತ ಮಾಡಿಸಿಕೊಂಡಿದ್ದು. ಈ ಪುಸ್ತಕಾನೂ ತಂದ್ರು. ಮೊದಲ ಅಧ್ಯಾಯ, ಕೊನೇ ಅಧ್ಯಾಯ ಮಾತ್ರ ಗೆರೆ ಎಳೆದು ಓದಿದಾರೆ. ನಡುವೆ ಎಲ್ಲೂ ಪೆನ್ಸಿಲ್ ಗುರುತಿಲ್ಲ. ಮೇಲ್ಹಲಗೆ ಮೇಲೆ ಒಂದು ಶಾಯಿ ಕಲೆ ಕೂಡ ಇಲ್ಲ, ನೋಡಿ. ಡ್ರಾಯರು ಸಿಕ್ಕಿಕೊಳ್ಳುತ್ತೆ. ಎಡಗಡೆ ಎತ್ತಿ ಎಳೀಬೇಕು."

ಕನ್ನಡಕದವರು ಮೇಲ್ಹಲಗೆಯ ಮೇಲೆ ಕೈಯಾಡಿಸಿದರು. ಎಡಗಡೆ ಎತ್ತಿ ಡ್ರಾಯರನ್ನು ಎಳೆದರು, ಮುಚ್ಚಿದರು, ಮತ್ತೆ ಎಳೆದರು.

"ಇದನ್ನ ಮೊದಲೇ ಹೇಳಿದ್ರೆ ಅರ್ಧ ಗಂಟೆ ಉಳೀತಿತ್ತಲ್ಲಪ್ಪ" ಎಂದು ವ್ಯಾಪಾರಿಯತ್ತ ತಿರುಗಿದರು. "ಬರೀಬೇಕು, ಬರೀಬೇಕು ಅಂತ ಏನೂ ಬರೀದೆ ಇರೋರು ನಮ್ಮನೇಲೂ ಒಬ್ಬರಿದಾರೆ. ಅವರಿಗೆ ಇದೇ ಸರಿ. ಪುಸ್ತಕ ಸಮೇತ ಕಳಿಸಿಕೊಡಿ."

ಮೇಜು ಹೋಯಿತು. ಪುಸ್ತಕವೂ ಹೋಯಿತು. ಹೊರಗೆ ಪೋಸ್ಟ್ ಮಾಸ್ಟರರು ಟೈರುಗಳನ್ನು ಎತ್ತಿ ನಿಲ್ಲಿಸುತ್ತ, ಕೇಳದಿದ್ದರೂ ಸೈಕಲ್ ಅಂಗಡಿಯವನಿಗೆ ಹೇಳುತ್ತಿದ್ದರು: "ಇವತ್ತು ಮೂರನೇ ಗೇರ್ ಹಾಕಿದೆ ಕಣ್ರೀ. ಸೇತುವೆ ಮೇಲೆ."

ಆ ಭಾನುವಾರ ನಾಲ್ಕು ಗಂಟೆಗೆ ಮನೆಯಲ್ಲಿ ಹಕ್ಕಿ ಕೂಗಿತು. ದೀಪ ಹಚ್ಚುವ ಹೊತ್ತಿನವರೆಗೂ ಮಾತು ನಡೆಯಿತು. ಮಡಿಸಿದ ಬಟ್ಟೆ ಮಡಿಸಿದಂತೆಯೇ ಇತ್ತು. ಮಾತು ಮುಗಿಸಿ ಬಂದ ಹೆಂಡತಿ, ಮೂಲೆಯಲ್ಲಿ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದ ವ್ಯಾಪಾರಿಯ ಎದುರು ಕೂತಳು.

"ಇನ್ನೆರಡು ದಿನ ಇದೆಯಂತಲ್ಲ?"

"ಬಿಡು. ನನ್ನ ಕೈಲಾಗಲ್ಲ. ಪುಸ್ತಕಾನೂ ಇಲ್ಲ."

"ಆ ಬೀರಿನ ಒಳಗೆ ಒಂದು ಮಗು ಬೆಳೆದ ಗುರುತಿತ್ತು" ಎಂದಳು ಅವಳು. "ಒಂಬತ್ತು ಗೆರೆ. ಐದನೇದಕ್ಕೂ ಆರನೇದಕ್ಕೂ ನಡುವೆ ಒಂದು ಗೇಣು. ಆ ವರ್ಷ ಹುಡುಗ ಒಂದೇ ಸಲಕ್ಕೆ ಎದ್ದು ನಿಂತಿದಾನೆ. ಒರೆಸುವಾಗ ನಾನು ನೋಡ್ತಾ ನಿಂತುಬಿಟ್ಟಿದ್ದೆ. ಅದನ್ನ ಹೇಳಿದ್ರೆ ಸಾಕಿತ್ತು, ಅಕ್ಕ ಇನ್ನೂ ಜಾಸ್ತಿ ಖುಷಿಪಡ್ತಿದ್ದಳು. ನೀವು ಜಡ್ಜನ್ನ ಕರ್ಕೊಂಡು ಬಂದ್ರಿ."

ವ್ಯಾಪಾರಿ ಪೆನ್ನಿನ ಮುಚ್ಚಳ ತೆಗೆದ.

"ಗುರುವಾರ ನಡೆದಿದ್ದನ್ನ ಬರೀರಿ. ಸೂರ್ಯ ಬೇಡ. ಜನ ಐದಾರೇ ಸಾಕು. ಒಬ್ಬೊಬ್ಬರೂ ಅವರವರ ಹಾಗೇ ಮಾತಾಡ್ಲಿ. ಮತ್ತೆ ಉಸಿರು ಹಿಡಿದಿಟ್ರೆ, ಬಿಡೋಕೂ ಜಾಗ ಕೊಡಿ. ಫೋನ್ ಇಟ್ಟು ಓಡಿಹೋಗಬೇಡಿ."

"'ನಾನು' ಅಂತ ಬರೀಲಾ?"

"ಬೇಡ. 'ನಾನು' ಅಂದ್ರೆ ನೀವು ಪಾಲಿಷ್ ಹೊಡೀತೀರಿ. 'ಅವನು' ಅಂತ ಬರೀರಿ. ಬೇರೆಯವರ ಸಾಮಾನಾದ್ರೆ ಗೀರು ಎಲ್ಲಿದೆ ಅಂತ ನಿಮಗೆ ಚೆನ್ನಾಗಿ ಕಾಣುತ್ತೆ."

ಬರೆದ. ಕಳಿಸಿದ. ಹದಿನೈದು ದಿನಕ್ಕೆ ಕತೆ ವಾಪಸು ಬಂತು, ಜೊತೆಗೆ ಸಂಪಾದಕರ ಚೀಟಿ. "ಹೆಂಡತಿಯ ಪಾತ್ರ ಅತ್ಯಂತ ಸಹಜವಾಗಿದೆ. ಆದರೆ ವ್ಯಾಪಾರಿಯ ಪಾತ್ರ ನಂಬುವಂತಿಲ್ಲ. ಇಷ್ಟು ಪೆದ್ದರು ಲೋಕದಲ್ಲಿ ಇರಲಾರರು. ತಿದ್ದಿ ಕಳಿಸಿದರೆ ಪ್ರಕಟಿಸಬಹುದು."

ಹೆಂಡತಿ ಚೀಟಿಯನ್ನು ಎರಡು ಸಲ ಓದಿದಳು. "ತಿದ್ದೋದೇನೂ ಬೇಡ" ಎಂದಳು. "ಅವರನ್ನೇ ಒಂದ್ಸಲ ಅಂಗಡಿಗೆ ಕರೀರಿ."

ಹಾಗಾಗಿ, ಸಂಪಾದಕರೇ, ತಿದ್ದದೆಯೇ ನಿಮಗೆ ಮತ್ತೆ ಕಳಿಸುತ್ತಿದ್ದೇನೆ. ಹೌದು, ಆ ವ್ಯಾಪಾರಿ ನಾನೇ. ಮೊದಲ ಎರಡು ಪ್ಯಾರಾಗಳನ್ನು ಮಾತ್ರ ಅವಳು ಓದಿಲ್ಲ. ಲಕೋಟೆ ಅಂಟಿಸುವ ಮುಂಚೆ ಸೇರಿಸಿದ್ದು. ಉಳಿದಂತೆ ಇದರಲ್ಲಿ ಚೆನ್ನಾಗಿರುವ ಮಾತೆಲ್ಲ ಅವಳು ಆಡಿದ್ದು. ನಾನು ಅವಳಿಗೆ ಎರಡೂವರೆ ವರ್ಷದ ಭಾನುವಾರಗಳನ್ನು ಬಾಕಿ ಇಟ್ಟುಕೊಂಡಿದ್ದೇನೆ.